ನಮ್ಮ ಮಾವನ ಯುದ್ಧ, ಅತ್ತೆಯ ಇಂಗು

ಎರಡು ಸಾವಿರದ ಮೂರರ ಮಾರ್ಚಿನ ಒಂದು ಗುರುವಾರ ಮಧ್ಯಾಹ್ನ ಒಂದೂವರೆ ದಾಟಿ ನಾಲ್ಕು ನಿಮಿಷಕ್ಕೆ ಬಾಗ್ದಾದಿನ ಮೇಲೆ ಮೊದಲ ಬಾಂಬು ಬಿತ್ತು. ಇದು ಸಿಡ್ನಿಯ ಗಡಿಯಾರದ ಲೆಕ್ಕ. ಅಲ್ಲಿ ಆಗ ಬೆಳಕು ಹರಿಯುವ ಹೊತ್ತು. ನಾನು ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದೆ. ಡಬ್ಬಿಯ ಮುಚ್ಚಳ ಕೈಯಲ್ಲಿರುವಾಗಲೇ ಮೆಲ್ಬರ್ನಿನಿಂದ ಮಾವನ ಫೋನು ಬಂತು.

"ಬಾತ್‌ಟಬ್ಬಿನಲ್ಲಿ ನೀರು ತುಂಬಿಸಿದ್ದೀಯಾ?"

"ಮಾವ, ನಾನು ಆಫೀಸಿನಲ್ಲಿದ್ದೇನೆ."

"ಆಫೀಸಿನಲ್ಲಿ ಬಕೆಟ್ ಇಲ್ವಾ?"

ಈ ದೇಶದ ಪ್ರಧಾನಿ ಯುದ್ಧಕ್ಕೆ ಸೈನ್ಯ ಕಳಿಸುವ ಮೊದಲು ನಮ್ಮ ಮಾವನನ್ನು ಒಂದು ಮಾತು ಕೇಳಬೇಕಿತ್ತು ಎಂದು ನಾನು ಇವತ್ತಿಗೂ ನಂಬಿದ್ದೇನೆ. ಕೇಳಿದ್ದರೆ ಯುದ್ಧವೇ ಆಗುತ್ತಿರಲಿಲ್ಲ. ಮಾವನ ಉತ್ತರ ಮುಗಿಯುವಷ್ಟರಲ್ಲಿ ಎರಡೂ ಕಡೆಯ ಸೈನಿಕರು ನಿವೃತ್ತರಾಗಿರುತ್ತಿದ್ದರು. ಮಾವ ಎಂದರೆ ನನ್ನ ಅಮ್ಮನ ಅಣ್ಣ. ಉಡುಪಿಯ ಕಡೆಯವರು, ಹಿಂದೆ ಕುವೈತಿನಲ್ಲಿದ್ದವರು, ಈಗ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನ ಒಂದು ಆಫೀಸಿನಲ್ಲಿ ಅಕೌಂಟೆಂಟ್. ಟ್ರಾಮಿನಲ್ಲಿ ಹೋಗಿಬರುವ ಸೌಮ್ಯ ಮನುಷ್ಯ ಎಂದು ನೋಡಿದವರು ತಿಳಿಯುತ್ತಾರೆ. ಅವರ ಮನೆಯ ಟಿವಿಯನ್ನು ಕೇಳಿ ನೋಡಿ. ಅದು ತಿಂದಷ್ಟು ಬೈಗುಳವನ್ನು ಯಾವ ಟಿವಿಯೂ ತಿಂದಿರಲಿಕ್ಕಿಲ್ಲ.

ಆದರೆ ಆ ದಿನ ಅವರು ಫೋನು ಮಾಡಿದ್ದು ಬಕೆಟ್ಟಿನ ವಿಷಯಕ್ಕಲ್ಲ. ಅವರೇ ಹೇಳಿದರು: "ಅಬು ಕರೀಮನ ಮನೆಗೆ ಫೋನ್ ಮಾಡ್ತಾ ಇದ್ದೇನೆ. ರಿಂಗ್ ಆಗ್ತದೆ. ಯಾರೂ ಎತ್ತುದಿಲ್ಲ."

ನನ್ನ ಊಟ ಅಲ್ಲಿಗೆ ಮುಗಿಯಿತು.

ಅಬು ಕರೀಂ ಯಾರು ಎಂದು ಹೇಳಬೇಕಾದರೆ ಇನ್ನೊಂದು ಗುರುವಾರಕ್ಕೆ ಹೋಗಬೇಕು. ಡಿಗ್ರಿ ಮುಗಿಸಿದ ಮೇಲೆ ನಾನು ಕೆಲಸಕ್ಕೆಂದು ಕುವೈತಿಗೆ ಹೋದವಳು ಮಾವ-ಅತ್ತೆಯ ಮನೆಯಲ್ಲಿದ್ದೆ. ತೊಂಬತ್ತರ ಆಗಸ್ಟಿನ ಒಂದು ಗುರುವಾರ ನಸುಕಿನಲ್ಲಿ ದೊಡ್ಡ ಸದ್ದಾಯಿತು. ಪಕ್ಕದ ಕಟ್ಟಡದವರ ಏಸಿ ಒಡೆಯಿತು ಎಂದು ಮಾವ ತೀರ್ಮಾನಿಸಿದರು. ಜಗಳವಾಡಿ ಬರುತ್ತೇನೆಂದು ಲುಂಗಿ ಎತ್ತಿ ಕಟ್ಟಿ ಕೆಳಗಿಳಿದರು. ಬೀದಿಯಲ್ಲಿ ಏಸಿಯ ಬದಲು ಟ್ಯಾಂಕು ನಿಂತಿತ್ತು. ಅದರ ಮೇಲಿದ್ದ ಇರಾಕಿ ಸೈನಿಕನಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಅವನು ಮಾವನನ್ನು ನೋಡಿ ನೀರು ಕೇಳಿದ. ಮಾವ ಮೇಲೆ ಬಂದು ಫ್ರಿಜ್ಜಿನಿಂದ ತಣ್ಣೀರು ತೆಗೆದು, ಅತ್ತೆಯ ಸ್ಟೀಲಿನ ಚೊಂಬಿನಲ್ಲಿ ಕೊಂಡುಹೋಗಿ ಕೊಟ್ಟರು. ಟ್ಯಾಂಕು ಹೋಯಿತು, ಚೊಂಬೂ ಹೋಯಿತು. ಒಂದು ದೇಶ ಬೆಳಗಾಗುವುದರೊಳಗೆ ಇನ್ನೊಂದು ದೇಶವನ್ನು ನುಂಗಿದ ಚರಿತ್ರೆಯಲ್ಲಿ ನಮ್ಮ ಅತ್ತೆಗೆ ನೆನಪಿರುವುದು ಆ ಚೊಂಬು.

"ದಂಡೆತ್ತಿ ಬಂದವರಿಗೆ ಫ್ರಿಜ್ಜಿನ ನೀರು ಕೊಡುವ ಗಂಡಸು ಲೋಕದಲ್ಲಿ ಇವರು ಒಬ್ಬರೇ," ಎಂದು ಅವರು ಈಗಲೂ ಹೇಳುತ್ತಾರೆ.

"ಹುಡುಗನಿಗೆ ಬಾಯಾರಿತ್ತು ಮಾರಾಯ್ತಿ. ಅವನೆಂತ ಮಾಡುದು? ಕಳಿಸಿದವನು ಏಸಿಯಲ್ಲಿ ಕೂತಿರ್ತಾನೆ," ಎಂದು ಮಾವ ಉತ್ತರ ಕೊಡುತ್ತಾರೆ.

ಯುದ್ಧಗಳ ಬಗ್ಗೆ ನಾನು ಆಮೇಲೆ ದಪ್ಪ ದಪ್ಪ ಪುಸ್ತಕಗಳನ್ನು ಓದಿದ್ದೇನೆ. ಕಳಿಸಿದವನು ಏಸಿಯಲ್ಲಿ ಕೂತಿರುತ್ತಾನೆ ಎಂಬುದಕ್ಕಿಂತ ದೊಡ್ಡ ವಿಷಯ ಯಾವುದರಲ್ಲೂ ಸಿಗಲಿಲ್ಲ.

ಬಾತ್‌ಟಬ್ಬಿನಲ್ಲಿ ನೀರು ತುಂಬಿಸಿಟ್ಟು, ಕಿಟಕಿಯ ಗಾಜಿಗೆ ಟೇಪು ಅಂಟಿಸಿ ಕೆಲವು ವಾರ ಕಾದು ನಾವು ಟ್ಯಾಕ್ಸಿಯಲ್ಲಿ ಹೊರಟೆವು. ಬಸ್ರಾ, ಬಾಗ್ದಾದು ದಾಟಿ ಜೋರ್ಡಾನಿನ ಗಡಿ ಮುಟ್ಟಬೇಕು. ಟ್ಯಾಕ್ಸಿ ಅಬು ಕರೀಮನದು. ಬಾಗ್ದಾದಿನವನು, ಮಾವನ ವಯಸ್ಸಿನವನು, ಹಾಡು ಹೇಳಿಕೊಂಡೇ ಗಾಡಿ ಓಡಿಸುವವನು. ಉಟ್ಟ ಬಟ್ಟೆಯಲ್ಲಿ ಓಡುವಾಗ ಬೇರೆಯವರು ಚಿನ್ನ ತೆಗೆದುಕೊಳ್ಳುತ್ತಾರೆ, ಸರ್ಟಿಫಿಕೇಟು ತೆಗೆದುಕೊಳ್ಳುತ್ತಾರೆ. ಅತ್ತೆ ತೆಗೆದುಕೊಂಡದ್ದು ಸಾಸಿವೆ, ಒಣಮೆಣಸು ಮತ್ತು ಒಂದು ಡಬ್ಬಿ ಗಟ್ಟಿ ಇಂಗು. ದಾರಿಯಲ್ಲಿ ಎಲ್ಲಾದರೂ ಒಗ್ಗರಣೆ ಹಾಕಬೇಕಾಗಿ ಬಂದರೆ ಏನು ಮಾಡುವುದು? ಅವರ ಚಿಂತೆ ಅದು. ಡಬ್ಬಿ ನನ್ನ ಮಡಿಲಲ್ಲಿತ್ತು.

ಇರಾಕಿನೊಳಗೆ ಒಂದು ಚೆಕ್‌ಪೋಸ್ಟಿನಲ್ಲಿ ಸೈನಿಕನೊಬ್ಬ ನಮ್ಮನ್ನೆಲ್ಲ ಕೆಳಗಿಳಿಸಿದ. ನನ್ನ ಕೈಯ ಡಬ್ಬಿ ತೆರೆಸಿದ. ಮೂಗು ಹತ್ತಿರ ತಂದವನು ಹಾವು ಮೆಟ್ಟಿದವನಂತೆ ಹಿಂದಕ್ಕೆ ಹಾರಿ ಬಂದೂಕು ಎತ್ತಿದ. ವಿಷದ ಅನಿಲ, ವಿಷದ ಪುಡಿ ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲ ಅದು. ಬಂದೂಕಿನ ಬಾಯಿ ನನ್ನ ಮುಖಕ್ಕೆ ನೇರವಾಗಿತ್ತು. ಅತ್ತೆ ಕನ್ನಡದಲ್ಲಿ, "ಅದು ಸಾರಿಗೆ ಹಾಕುದು ಮಾರಾಯ, ಸಾರಿಗೆ," ಎಂದು ಅವನಿಗೆ ತಿಳಿಹೇಳುತ್ತಿದ್ದರು. ಇಪ್ಪತ್ತೆರಡು ವರ್ಷ ಬದುಕಿದ್ದು ಇಂಗಿಗೋಸ್ಕರ ಸಾಯುವುದಕ್ಕೋ ಎಂದು ನಾನು ಯೋಚಿಸಿದ್ದು ಈಗಲೂ ಚೆನ್ನಾಗಿ ನೆನಪಿದೆ.

ಆಗ ಅಬು ಕರೀಂ ನನ್ನ ಮತ್ತು ಬಂದೂಕಿನ ನಡುವೆ ಬಂದು ನಿಂತ. ಡಬ್ಬಿಯಿಂದ ಅಡಿಕೆ ಹೋಳಿನಷ್ಟು ಇಂಗು ಮುರಿದು ಬಾಯಿಗೆ ಹಾಕಿಕೊಂಡ. ಜಗಿದ. ಹಸಿ ಇಂಗನ್ನು ಯಾರಾದರೂ ಜಗಿದಿದ್ದೀರಾ? ಅವನ ಕಣ್ಣಿನಲ್ಲಿ, ಮೂಗಿನಲ್ಲಿ ನೀರು ಸುರಿಯಿತು. ಮುಖ ಕೆಂಪಾಗಿ, ನೇರಳೆಯಾಗಿ, ಕೊನೆಗೆ ಹೆಸರಿಲ್ಲದ ಒಂದು ಬಣ್ಣಕ್ಕೆ ತಿರುಗಿತು. ಹಾಗಿದ್ದೂ ಅವನು ಹೊಟ್ಟೆ ಸವರಿಕೊಂಡು, "ತಿನ್ನುವ ವಸ್ತು, ತಮ್ಮಾ. ಬಹಳ ರುಚಿ. ಇವರು ನಮ್ಮ ಮನೆಯವರು," ಎಂದ. ಸೈನಿಕ ನಗತೊಡಗಿದ. ಬಂದೂಕು ಕೆಳಗಿಳಿಯಿತು. ಅಬು ಕರೀಂ ಮುಂದಿನ ದಾರಿಯುದ್ದಕ್ಕೂ ಹಾಡಲಿಲ್ಲ, ಕಿಟಕಿಯಿಂದ ಹೊರಗೆ ಉಗುಳುತ್ತಲೇ ಇದ್ದ.

ಆ ದಿನ ಬಾಗ್ದಾದಿನ ಅವನ ಮನೆಯಲ್ಲಿ ತಂಗಿದೆವು. ಅವನ ತಾಯಿ ನಮಗೆ ರೊಟ್ಟಿ, ಖರ್ಜೂರ, ಮೊಸರು ಬಡಿಸಿದಳು. ಅತ್ತೆ ಮೊಸರಿಗೆ ಒಗ್ಗರಣೆ ಹಾಕಿದರು. ಅಬು ಕರೀಂ ಮಾತ್ರ ಆ ಪಾತ್ರೆಯ ಹತ್ತಿರ ಬರಲಿಲ್ಲ. ಹೊರಡುವಾಗ ಮಾವ ಅವನ ಮನೆಯ ಫೋನ್ ನಂಬರು ಬರೆದುಕೊಂಡರು, ಮೆಲ್ಬರ್ನಿಗೆ ಬಂದ ಮೇಲೆ ತಮ್ಮದನ್ನೂ ಕೊಟ್ಟು ಪ್ರತಿ ಈದಿಗೆ ಮಾತಾಡುತ್ತಿದ್ದರು.

ಹದಿಮೂರು ವರ್ಷ ಕಳೆದು, ಆ ದೇಶದಲ್ಲಿ ಮಹಾವಿನಾಶದ ಅಸ್ತ್ರಗಳಿವೆ ಎಂದು ದೊಡ್ಡ ದೊಡ್ಡ ಮನುಷ್ಯರು ಟೈ ಕಟ್ಟಿಕೊಂಡು ಲೋಕಕ್ಕೆ ಹೇಳಿದರು. ಯುದ್ಧ ಮಾಡಿದರು. ನೆಲ ಅಗೆದರು, ಗೋದಾಮು ಒಡೆದರು. ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಇದ್ದದ್ದು ಒಂದೇ ಡಬ್ಬಿ, ಅದನ್ನು ನಮ್ಮ ಅತ್ತೆ ತೊಂಬತ್ತರಲ್ಲೇ ಹೊರಗೆ ಸಾಗಿಸಿದ್ದರು.

ನಾನು ನಗುತ್ತಾ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ಮಾರ್ಚಿನಲ್ಲಿ ನಮ್ಮ ಆಫೀಸಿನಲ್ಲಿ ಯುದ್ಧ ಎಷ್ಟು ದಿನ ನಡೆಯುತ್ತದೆ ಎಂದು ಪಂದ್ಯ ಕಟ್ಟಿದರು. ಗೆದ್ದವರಿಗೆ ಒಂದು ಬಾಟಲಿ ವೈನು. ಟಿವಿಯಲ್ಲಿ ನಿವೃತ್ತ ಸೇನಾಧಿಕಾರಿಗಳು ನಕಾಶೆಯ ಮೇಲೆ ಕಡ್ಡಿ ಆಡಿಸುತ್ತಾ, ಹವಾಮಾನ ವರದಿ ಓದುವವರ ಹಾಗೆ, ಇಂದು ಬಾಗ್ದಾದಿನಲ್ಲಿ ಎಲ್ಲೆಲ್ಲಿ ಬಾಂಬು ಬೀಳಲಿದೆ ಎಂದು ವಿವರಿಸಿದರು. ಗುರಿ ನಿಖರವಂತೆ. ಆ ನಕಾಶೆಯಲ್ಲಿ ನಾನು ಮೊಸರು ತಿಂದ ಬೀದಿ ಹುಡುಕುತ್ತಿದ್ದೆ. ಮಲಗಿದರೆ ಬಂದೂಕಿನ ಬಾಯಿ ಎದುರಿಗೆ ಬಂದು ನಿಲ್ಲುತ್ತಿತ್ತು, ಕೈಗೆ ಡಬ್ಬಿಯ ಭಾರ ಹತ್ತುತ್ತಿತ್ತು. ಎದ್ದು ಕೂರುತ್ತಿದ್ದೆ.

ಮೆಲ್ಬರ್ನಿನಲ್ಲಿ ಮಾವನೂ ಮಲಗುತ್ತಿರಲಿಲ್ಲ ಎಂದು ಅತ್ತೆ ಹೇಳಿದರು. ಬಾತ್‌ಟಬ್ಬಿನಲ್ಲಿ ನೀರು ತುಂಬಿಸಿದ್ದಾರೆ, ಸ್ನಾನ ಮಾಡಲು ಬಿಡುವುದಿಲ್ಲ. ಕಿಟಕಿಯ ಗಾಜಿಗೆಲ್ಲ ಅಡ್ಡಡ್ಡ ಟೇಪು ಅಂಟಿಸಿದ್ದಾರೆ. ಭಯೋತ್ಪಾದನೆಯ ಬಗ್ಗೆ ಎಚ್ಚರವಾಗಿರಿ, ಆದರೆ ಗಾಬರಿಯಾಗಬೇಡಿ ಎಂದು ಸರ್ಕಾರ ಮನೆಮನೆಗೆ ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಕಳಿಸಿತ್ತಲ್ಲ, ಅದನ್ನು ವಾಪಸು ಪೋಸ್ಟು ಮಾಡಿದ್ದಾರೆ. "ಮೊದಲು ಬೇರೆಯವರ ಮನೆಗೆ ಬೆಂಕಿ ಹಾಕ್ಲಿಕ್ಕೆ ಹೋಗುದು. ಮತ್ತೆ ನಾನು ಗಾಬರಿ ಆಗ್ಬೇಕೋ ಬೇಡ್ವೋ ಅಂತ ನನ್ನ ಫ್ರಿಜ್ ಹೇಳುದಾ?" ಎಂದು ಪೋಸ್ಟ್ ಆಫೀಸಿನ ಹುಡುಗಿಯನ್ನು ಕನ್ನಡದಲ್ಲೇ ಕೇಳಿದರಂತೆ. ಇಂಡಿಯನ್ ಅಂಗಡಿಯಲ್ಲಿ ಇರಾಕಿಗೆ ಫೋನ್ ಕಾರ್ಡು ಕೇಳಿದರೆ ಪಂಜಾಬಿ ಅಂಗಡಿಯವನು, "ಅಂಕಲ್‌ಜೀ, ಇರಾಕ್ ಕೋ ಕೌನ್ ಫೋನ್ ಕರ್ತಾ ಹೈ?" ಎಂದು, ಅಲ್ಲಿಗೆ ಫೋನು ಮಾಡುವವರೇ ಇಲ್ಲವೆಂಬಂತೆ ನಕ್ಕನಂತೆ.

"ಬಾಂಬು ಹಾಕ್ಲಿಕ್ಕೆ ಎಲ್ಲರಿಗೂ ದಾರಿ ಗೊತ್ತುಂಟು. ಫೋನ್ ಮಾಡ್ಲಿಕ್ಕೆ ಮಾತ್ರ ಲೈನ್ ಇಲ್ವಾ?" ಎಂದು ಮಾವ ರೇಗಿದರಂತೆ.

ಪಂಜಾಬಿಗೆ ಕನ್ನಡ ಬಾರದು. ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ. ಪಾಪ, ಒಂದು ಪೊಟ್ಟಣ ಬಿಸ್ಕತ್ತು ಪುಕ್ಕಟೆ ಕೊಟ್ಟು ಕಳಿಸಿದ.

"ಇವರನ್ನು ನಾಲ್ಕು ದಿನ ನೀನು ಇಟ್ಕೋ. ನಾನು ಸ್ನಾನ ಮಾಡ್ಬೇಕು," ಎಂದು ಅತ್ತೆ ಶನಿವಾರ ಮಾವನನ್ನು ಸಿಡ್ನಿಯ ವಿಮಾನ ಹತ್ತಿಸಿದರು.

ಭಾನುವಾರ ಬೆಳಿಗ್ಗೆ ಮಾವ ದೇವಸ್ಥಾನಕ್ಕೆ ಹೊರಟರು. ಕೆಲ್ಲಿವಿಲ್‌ನ ನಮ್ಮ ಮನೆಯಿಂದ ಊರಿನ ಇನ್ನೊಂದು ತುದಿಯ ಗುಡ್ಡಕ್ಕೆ ಹೋದೆವು. ಮಾವ ಸಾಲಿನಲ್ಲಿ ನಿಂತು, ಅರ್ಚನೆ ಎಂದರು. ಅರ್ಚಕರು ಗೋತ್ರ ಕೇಳಿದರು.

"ಗೊತ್ತಿಲ್ಲ."

"ನಕ್ಷತ್ರ?"

"ಅದೂ ಗೊತ್ತಿಲ್ಲ."

"ಹೆಸರಾದರೂ ಹೇಳಿ."

"ಅಬು ಕರೀಂ. ಬಾಗ್ದಾದು."

ಅರ್ಚಕರ ಕೈಯಲ್ಲಿದ್ದ ಹೂವು ಅಲ್ಲೇ ನಿಂತಿತು. ಒಳ್ಳೆಯ ಮನುಷ್ಯ. ಒಂದು ಗಳಿಗೆ ಯೋಚಿಸಿ, "ಗೋತ್ರ ತಿಳಿಯದವರಿಗೆ ಕಾಶ್ಯಪ ಅಂತ ಹೇಳೋ ಪದ್ಧತಿ ಇದೆ," ಎಂದರು. ಹೀಗೆ ಕಾಶ್ಯಪ ಗೋತ್ರೋದ್ಭವನಾದ ಅಬು ಕರೀಮನ ಆಯುರಾರೋಗ್ಯಕ್ಕಾಗಿ ಸಿಡ್ನಿಯಲ್ಲಿ ಅರ್ಚನೆ ನಡೆಯಿತು. ಹಿಂದೆ ನಿಂತಿದ್ದ ಒಬ್ಬರು ಕಿಸಕ್ಕೆಂದರು. ಮಾವ ತಿರುಗಿದರು.

"ನಿಮ್ಮದು ಯಾವ ಗೋತ್ರ?"

"ಭಾರದ್ವಾಜ. ಯಾಕೆ ಅಂಕಲ್?"

"ಭಾರದ್ವಾಜರು ಯಾರಾದ್ರೂ ನಿಮ್ಗೋಸ್ಕರ ಹಸಿ ಇಂಗು ತಿಂದದ್ದುಂಟಾ?"

ಅವರಿಗೆ ಏನು ಅರ್ಥವಾಯಿತೋ, ಪ್ರಸಾದ ತೆಗೆದುಕೊಳ್ಳದೆ ಹೋದರು.

ಅದೇ ಸಂಜೆ ವಿಶ್ವಕಪ್ ಕ್ರಿಕೆಟ್ಟಿನ ಫೈನಲ್, ಭಾರತಕ್ಕೂ ಆಸ್ಟ್ರೇಲಿಯಾಕ್ಕೂ. ನನ್ನ ಗಂಡ ತನ್ನ ಬೆಂಗಳೂರಿನ ಗೆಳೆಯರನ್ನೆಲ್ಲ ಕರೆದಿದ್ದ. ಬಿಸಿಬೇಳೆ ಬಾತಿನ ಪಾತ್ರೆಯ ಸುತ್ತ ನೀಲಿ ಅಂಗಿಗಳು. ಟಿವಿಯ ಮುಂದೆ ನಮ್ಮ ಮಾವ, ಕೈಯಲ್ಲಿ ರಿಮೋಟು. ಪರದೆಯಲ್ಲಿ ಹೊಗೆಯೇಳುತ್ತಿರುವ ಬಾಗ್ದಾದು.

"ಅಂಕಲ್, ಟಾಸ್ ಆಗೋಯ್ತು. ಸ್ವಲ್ಪ ಚಾನೆಲ್ ಚೇಂಜ್ ಮಾಡಿ," ಎಂದ ಒಬ್ಬ.

"ಒಂದು ನಿಮಿಷ."

"ಅಂಕಲ್, ವಾರ್ ನಾಳೇನೂ ಬರತ್ತೆ. ಫೈನಲ್ ನಾಲ್ಕು ವರ್ಷಕ್ಕೊಂದ್ಸಲ."

ಮಾವ ಬೈಯುತ್ತಾರೆ ಎಂದು ಕಾದೆ. ಅವರು ಸುಮ್ಮನೆ ರಿಮೋಟು ಕೊಟ್ಟು ಗರಾಜಿಗೆ ಹೋಗಿ, ಕಾರಿನಲ್ಲಿ ಕೂತು ರೇಡಿಯೋ ಹಾಕಿಕೊಂಡರು. ಜಾಹೀರಾತು ಬಂದಾಗ ಯಾರೋ ಚಾನೆಲ್ ತಿರುಗಿಸಿದರು. ಹಿಂದಿನ ರಾತ್ರಿಯ ಕಪ್ಪು ಆಕಾಶದಲ್ಲಿ ಕಿಡಿಗಳು ಹಾರುತ್ತಿದ್ದವು. "ಮಗಾ, ಒಳ್ಳೆ ದೀಪಾವಳಿ ಥರ ಇದೆ ಅಲ್ವಾ," ಎಂದ ಅದೇ ಹುಡುಗ.

"ಆ ದೀಪಾವಳಿಯ ಕೆಳಗೆ ನಾನು ಊಟ ಮಾಡಿದ ಮನೆ ಇದೆ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದ್ದರಿಂದ ಬಾತು ಗೋಡೆಗೆ ಹಾರಿತು. ಎಲ್ಲರೂ ತಲೆ ತಗ್ಗಿಸಿದರು. ಆಮೇಲೆ ಆಸ್ಟ್ರೇಲಿಯಾದವರು ಸಿಕ್ಸರ್ ಹೊಡೆದರು, ತಲೆಗಳು ಮತ್ತೆ ಎದ್ದವು. ಆ ದಿನ ಆಸ್ಟ್ರೇಲಿಯಾ ಎರಡು ಕಡೆ ಹೊಡೆಯುತ್ತಿತ್ತು. ನಮ್ಮವರಿಗೆ ನೋವಾದದ್ದು ಒಂದೇ ಕಡೆಯದ್ದು.

ಮುಂದಿನ ವಾರ ಬಾಗ್ದಾದಿನ ಟೆಲಿಫೋನ್ ಕಟ್ಟಡಗಳ ಮೇಲೆ ಬಾಂಬು ಬಿತ್ತು. ಅಬು ಕರೀಮನ ಮನೆಯ ಫೋನಿನಲ್ಲಿ ರಿಂಗ್ ಆಗುವುದೂ ನಿಂತಿತು. ಮೆಲ್ಬರ್ನಿಗೆ ಮರಳಿದ ಮಾವ ಬೈಯುವುದನ್ನು ಬಿಟ್ಟರು. ಟಿವಿಯಲ್ಲಿ ಅಲ್ಲಿಯ ಸರ್ವಾಧಿಕಾರಿಯ ಪ್ರತಿಮೆ ಉರುಳಿತು, ಯುದ್ಧ ಗೆದ್ದಾಯಿತು ಎಂದರು, ನಮ್ಮ ಆಫೀಸಿನಲ್ಲಿ ವೈನು ಯಾರಿಗೋ ಸಿಕ್ಕಿತು. ಮಾವ ಮಾತ್ರ ಆಫೀಸಿನಿಂದ ಬಂದು ಫೋನಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. "ಬೈದ್ರೆ ಆದ್ರೂ ಒಳ್ಳೇದಿತ್ತು ಮಾರಾಯ್ತಿ," ಎಂದು ಅತ್ತೆ ಅತ್ತರು. ಬೈಗುಳ ನಿಂತ ಮನೆಯನ್ನು ನೋಡಲು ನಾನು ಏಪ್ರಿಲ್ ಕೊನೆಯಲ್ಲಿ, ಸತ್ತ ಯೋಧರನ್ನು ನೆನೆಯುವ ಆನ್ಜಾಕ್ ಡೇ ರಜೆಗೆ ಅಲ್ಲಿಗೆ ಹೋದೆ.

ಅದು ಶುಕ್ರವಾರ. ಟಿವಿಯಲ್ಲಿ ಹಳೆಯ ಸೈನಿಕರು ಪದಕ ತೊಟ್ಟು ಮೆರವಣಿಗೆ ಹೋಗುತ್ತಿದ್ದರು. ಸಂಜೆ ಫೋನು ಬಂತು. ಮಾವ ಎತ್ತಿದರು. ಗೊರಗೊರ ಸದ್ದಿನ ನಡುವೆ ಯಾರೋ ಅರಬ್ಬಿಯಲ್ಲಿ ಕೂಗುತ್ತಿದ್ದರು. ಮಾವ ಸ್ಪೀಕರ್ ಒತ್ತಿದರು.

ಅಬು ಕರೀಂ. ಯಾರೋ ವಿದೇಶಿ ಪತ್ರಕರ್ತನ ಸ್ಯಾಟಲೈಟ್ ಫೋನಂತೆ, ಉದ್ದ ಸಾಲಿದೆಯಂತೆ, ಒಬ್ಬೊಬ್ಬರಿಗೆ ಒಂದೇ ನಿಮಿಷವಂತೆ. ಮನೆಯ ಅರ್ಧ ಭಾಗ ಇಲ್ಲವಂತೆ. ತಾಯಿ ಅಕ್ಕನ ಮನೆಯಲ್ಲಿ ಕ್ಷೇಮವಂತೆ. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಫೋನು ಮಾಡಿದ ಮುಖ್ಯ ವಿಷಯ ಈಗ ಬಂತೆಂಬಂತೆ ದನಿ ಇಳಿಸಿ ಕೇಳಿದ:

"ಅಣ್ಣಾ, ನಿಮ್ಮ ದೇಶವೂ ಯುದ್ಧದಲ್ಲಿದೆ ಅಂತ ರೇಡಿಯೋದಲ್ಲಿ ಹೇಳಿದರು. ಅವತ್ತಿನಿಂದ ನನಗೆ ಹೆದರಿಕೆ. ನಿಮ್ಮ ಮನೆಯ ಮೇಲೆ ಏನೂ ಬೀಳಲಿಲ್ಲ ತಾನೇ?"

ಟ್ಯಾಂಕಿನ ಮುಂದೆ ಲುಂಗಿ ಕಟ್ಟಿ ನಿಂತಿದ್ದ ಮಾವ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇಲ್ಲ," ಎಂದರು. "ಇಲ್ಲ ತಮ್ಮಾ. ನಮ್ಮ ಮೇಲೆ ಏನೂ ಬೀಳಲಿಲ್ಲ."

"ದೇವರು ದೊಡ್ಡವನು," ಎಂದ ಅಬು ಕರೀಂ. ಅಷ್ಟರಲ್ಲಿ ಅವನ ನಿಮಿಷ ಮುಗಿಯಿತು.

ಮಾವ ರಿಸೀವರನ್ನು ಬಹಳ ಹೊತ್ತು ಎದೆಗೆ ಒತ್ತಿಕೊಂಡಿದ್ದರು. "ನಮ್ಮ ಚಿಂತೆ ಮಾಡ್ತಾ ಇದ್ದನಂತೆ," ಎಂದರು. ಆಮೇಲೆ ಅಲ್ಲೇ ಸೋಫಾದ ಮೇಲೆ ಒರಗಿದರು. ಅತ್ತೆ ಊಟಕ್ಕೆ ಎಬ್ಬಿಸಲಿಲ್ಲ, ಕಾಲಿಗೆ ಕಂಬಳಿ ಹೊದಿಸಿ ದೀಪ ಆರಿಸಿದರು. ನಾನು ಕೆಳಗೆ ಕಾರ್ಪೆಟ್ಟಿನ ಮೇಲೆ ಮಲಗಿದೆ. ಮಾವನ ಗೊರಕೆ ಮನೆ ತುಂಬಿತು. ಕಣ್ಣು ಬಿಟ್ಟಾಗ ಶನಿವಾರದ ಬಿಸಿಲು ಕೋಣೆಯ ನಡುವಿನವರೆಗೂ ಬಂದಿತ್ತು, ಮಾವ ಇನ್ನೂ ಗೊರಕೆ ಹೊಡೆಯುತ್ತಲೇ ಇದ್ದರು.