ಗಾಣವಿಲ್ಲದ ಗಾಣದ ಓಣಿ

ನಮ್ಮ ಸೋದರಮಾವನ ಹತ್ತಿರ ದಾರಿ ಕೇಳಿ, ಹೋಗಬೇಕಾದ ಜಾಗಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಿದವರನ್ನು ನಾನು ಇವತ್ತಿನವರೆಗೂ ನೋಡಿಲ್ಲ! ಹಾಗಂತ ಅವರಿಗೆ ಚನ್ನಗಿರಿ ಗೊತ್ತಿಲ್ಲವೆಂದಲ್ಲ. ಗೊತ್ತಿರುವುದೇ ತೊಂದರೆ. "ಒಂಟಿಹುಣಸೆಗೆ ಹೆಂಗೆ ಹೋಗ್ಬೇಕ್ರೀ?" ಎಂದು ಯಾರಾದರೂ ಪಾಪದವರು ಕೇಳಿದರೆ, ಎಡಕ್ಕೋ ಬಲಕ್ಕೋ ಕೈ ತೋರಿಸಿ ಕಳಿಸುವುದು ಬಿಟ್ಟು, "ಅಲ್ಲಿ ಹುಣಸೆಮರ ಐತೇನು?" ಎಂದು ತಿರುಗಿ ಕೇಳುತ್ತಾರೆ. ಇಲ್ಲ ಅಂದರೆ, "ಮತ್ತೆ ಆ ಹೆಸರು ಯಾಕೆ ಬಂತು?" ಎನ್ನುತ್ತಾರೆ. ಅಷ್ಟರಲ್ಲಿ ಆಸಾಮಿಯನ್ನು ಕಟ್ಟೆಯ ಮೇಲೆ ಕೂರಿಸಿ ಆಗಿರುತ್ತದೆ. ಮರ ನೆಟ್ಟವರು ಯಾರು, ಕಡಿದವರು ಯಾರು, ಕಡಿದ ಮೇಲೆ ಸೌದೆಗಾಗಿ ಕಿತ್ತಾಡಿದವರು ಯಾರು, ಇಷ್ಟೂ ಮುಗಿಯುವ ಹೊತ್ತಿಗೆ ಒಂಟಿಹುಣಸೆಯಲ್ಲಿ ಅವನಿಗಾಗಿ ಕಾದವರು ಉಂಡು ಮಲಗಿರುತ್ತಾರೆ.

ಇದೆಲ್ಲ ನಿಜವೇ ಎಂದು ಮಾತ್ರ ಕೇಳಬೇಡಿ. ಒಂದು ವರ್ಷ ಆ ಮರವನ್ನು ಪಾಳೆಯಗಾರ ನೆಟ್ಟಿರುತ್ತಾನೆ, ಮರುವರ್ಷ ಮಜ್ಜಿಗೆ ಮಾರುವ ಮುದುಕಿ ನೆಟ್ಟಿರುತ್ತಾಳೆ. ನಾನೊಮ್ಮೆ ಹಿಡಿದು ಕೇಳಿದೆ. ಮಾವ ಕಣ್ಣು ಮಿಟುಕಿಸದೆ, "ಇಬ್ರೂ ಸೇರಿ ನೆಟ್ಟಿರಬೇಕು ಬಿಡವ್ವಾ" ಅಂದರು.

ಮಾವನದೊಂದು ಪಾತ್ರೆ ಅಂಗಡಿ ಇತ್ತು. ಮದುವೆಗೆ ಮುಯ್ಯಿ ಮಾಡುವವರು ಸ್ಟೀಲ್ ಪಾತ್ರೆ ಕೊಂಡು, ಅದರ ಮೇಲೆ ಹೆಸರು ಹಾಕಿಸುವುದು ನಮ್ಮ ಕಡೆಯ ರೂಢಿ. ಗಿರಾಕಿ ತನ್ನ ಹೆಸರು ಹೇಳಿದರೆ ಸಾಕು, ಕೊರೆಯುವ ಮಷಿನ್ನು ಗುರ್ರೆನ್ನುತ್ತಿತ್ತು, ಕೇಳದಿದ್ದರೂ ಓಣಿಯ ಹೆಸರು ಸೇರಿಬಿಡುತ್ತಿತ್ತು. ಉಬ್ರಾಣಿಯ ಹಿರಿಯರೊಬ್ಬರು ಒಂದೇ ಒಂದು ಪುಟ್ಟ ಲೋಟ ಕೊಂಡರು. ಮಾವ ಅದರ ಸುತ್ತ ಅವರ ಹೆಸರು, ಅಪ್ಪನ ಹೆಸರು, ಕೇರಿ, ಊರು ಎಲ್ಲವನ್ನೂ ತುಂಬಿದರು. ಹಿರಿಯರು ಲೋಟ ತಿರುಗಿಸಿ ತಿರುಗಿಸಿ ನೋಡಿ, "ಮದುವೆ ಹುಡುಗನ ಹೆಸರಿಗೆ ಜಾಗ ಎಲ್ಲೈತ್ರೀ?" ಎಂದು ಕೇಳಿದರು.

"ತಳದಾಗೆ ಹಾಕ್ತೀನಿ. ನೀರು ಕುಡಿದು ಬೋರಲು ಹಾಕಿದಾಗ ಕಾಣ್ತೈತೆ!"

ನ್ಯಾಮತಿಯ ಗೃಹಪ್ರವೇಶದ ಕತೆಯನ್ನಂತೂ ನಮ್ಮ ಮನೆಯಲ್ಲಿ ಈಗಲೂ ಮೆಲ್ಲಗೆ ಹೇಳಿಕೊಳ್ಳುತ್ತೇವೆ. ಹೊಸ ಬಡಾವಣೆ, ಹೊಸ ಮನೆ, ಪಾಯಸ ಇನ್ನೂ ಎಲೆಗೆ ಬಿದ್ದಿಲ್ಲ. ಮಾವ ಯಜಮಾನರನ್ನು ಹಿಡಿದುಕೊಂಡರು. "ಈ ಜಾಗಕ್ಕೆ ಮೊದಲು ಏನಂತಿದ್ರಿ?" ಏನೂ ಇಲ್ಲ, ಬರೀ ಮೆಕ್ಕೆಜೋಳದ ಹೊಲ ಎಂದರು ಅವರು. "ಹೊಲಕ್ಕೆ ಹೆಸರಿಲ್ದೆ ಇರಾಕೆ ಆಗ್ತೈತೇನ್ರಿ?" ಎಂದು ಮಾವ ಪಂಕ್ತಿಯ ಉದ್ದಕ್ಕೂ ವಿಚಾರಣೆ ಶುರು ಮಾಡಿದರು. ಕೊನೆಗೆ ಮೂಲೆಯಲ್ಲಿ ಕುಳಿತ ಅಜ್ಜಿಯೊಬ್ಬಳು, "ದೆವ್ವದ ಹೊಲ ಅಂತಿದ್ರಪ್ಪಾ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಮನೆಯವರ ಮುಖ ನೋಡಬೇಕಿತ್ತು! ಆಮೇಲೆ ಆ ಮನೆಯ ಯಾವ ಕಾರ್ಯಕ್ಕೂ ನಮಗೆ ಕರೆ ಬಂದಿಲ್ಲ.

ಇಂಥವರಿಗೆ ಹೆಣ್ಣು ಕೊಟ್ಟವರು ಯಾರು ಎಂದು ನೀವು ಕೇಳಬಹುದು. ಜಗಳೂರಿನವರು. ಅವರ ಮನೆ ಇದ್ದದ್ದು ಸೇದೋಬಾವಿ ಓಣಿಯಲ್ಲಿ. ಹುಡುಗಿ ನೋಡಲು ಹೋದವರು ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳುವ ಕಾಲ. ನಮ್ಮ ಮಾವ ಕೇಳಿದ್ದು, "ಈ ಓಣಿಗೆ ಈ ಹೆಸರು ಯಾಕೆ ಬಂತು, ಗೊತ್ತೇನು?" ಜೊತೆಗೆ ಹೋಗಿದ್ದ ನನ್ನ ಅಮ್ಮ ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡಳಂತೆ. ಹುಡುಗಿ ಎರಡೂ ಅಂಗೈ ಚಾಚಿ ತೋರಿಸಿದಳು. ಹಗ್ಗ ಜಗ್ಗಿ ಜಗ್ಗಿ ದಡ್ಡುಗಟ್ಟಿದ ಕೈ. ಆ ಓಣಿಯ ಹೆಣ್ಣುಮಕ್ಕಳ ಕೈಯೆಲ್ಲ ಹಾಗೆಯೇ ಇತ್ತಂತೆ. "ಹಿಂಗೆ ಬಂತು," ಎಂದಳು. ಮಾವ ಉಪ್ಪಿಟ್ಟು ಮುಟ್ಟುವ ಮೊದಲೇ ಒಪ್ಪಿಗೆ ಎಂದುಬಿಟ್ಟರು. ಬೇರೆ ಯಾವ ಹೆಸರಿನ ಬಗ್ಗೆಯೂ ಅವರಿಗೆ ಇಷ್ಟು ಚಿಕ್ಕ ವಿವರಣೆ ಸಿಕ್ಕಿರಲಿಲ್ಲ, ಇಷ್ಟು ನಂಬಿಕೆಯೂ ಬಂದಿರಲಿಲ್ಲ.

ಅತ್ತೆ ಬಂದು ಸೇರಿದ್ದು ಚನ್ನಗಿರಿಯ ಗಾಣದ ಓಣಿಗೆ. ಗಾಣ ನಿಂತು ಎಷ್ಟೋ ಕಾಲವಾಗಿದೆ, ಅದರ ಕಲ್ಲು ಯಾರ ಮನೆಯ ಅಡಿಪಾಯಕ್ಕೆ ಹೋಯಿತೋ ಗೊತ್ತಿಲ್ಲ. ಈಚೆಗೆ ಓಣಿಯ ಕೆಲವರಿಗೆ ಲಗ್ನಪತ್ರಿಕೆಯಲ್ಲಿ ಆ ಹೆಸರು ಹಾಕಿಸಲು ಸಂಕೋಚ ಶುರುವಾಯಿತು. ಸಮೃದ್ಧಿ ನಗರ ಎಂದು ಬದಲಿಸೋಣ ಎಂದು ಸಭೆ ಸೇರಿದರು. ಮುಂದಾಳು ಎದುರುಮನೆಯ ಅಡಿಕೆ ವ್ಯಾಪಾರಿ.

"ಈಗ ಗಾಣ ಎಲ್ಲೈತ್ರೀ ಯಜಮಾನ್ರೇ?" ಎಂದು ಅವರು ಕೇಳಿದರು.

"ಸಮೃದ್ಧಿ ಎಲ್ಲೈತಪ್ಪಾ, ತೋರಿಸು. ಚರಂಡಿ ದಾಟಿ ಬರ್ತೀನಿ," ಎಂದರು ಮಾವ.

ಎಲ್ಲರೂ ನಕ್ಕರು. ಆದರೆ ಮಾವ ನಗಲಿಲ್ಲ. ಮರುದಿನದಿಂದ ಬಸ್‌ಸ್ಟ್ಯಾಂಡಿನ ಆಟೋದವರಿಗೆ ಅವರ ಕಾಟ ಶುರುವಾಯಿತು. ಒಬ್ಬೊಬ್ಬರನ್ನೇ ನಿಲ್ಲಿಸಿ "ಗಾಣದ ಓಣಿ ಎಲ್ಲೈತೆ ಹೇಳು" ಎನ್ನುವುದು. ಗೊತ್ತಿಲ್ಲ ಎಂದವರಿಗೆ ಚಹಾ ಕುಡಿಸಿ, ಅವರದೇ ಆಟೋ ಹತ್ತಿ, ದಾರಿ ತೋರಿಸಿ, ಬಾಡಿಗೆಯನ್ನೂ ಕೊಟ್ಟು ಕಳಿಸುವುದು! ತನ್ನ ಮನೆಗೆ ತಾನೇ ದಾರಿ ಹೇಳಿಕೊಂಡು ಬರುವ ಮನುಷ್ಯನನ್ನು ಕಂಡು ಊರು ನಗದೆ ಇರುತ್ತದೆಯೇ? ನಾನೂ ಹೋಗಿ ಹೇಳಿದೆ. "ಮಾವ, ಇದು ಅತಿಯಾಯ್ತು. ಹೆಸರು ಏನಾದ್ರೂ ಇಟ್ಕೊಳ್ಳಲಿ ಬಿಡಿ."

ಮಾವ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಮತ್ತೆ ಒಬ್ಳೇ ಹೊರಗೆ ಹೋದ್ರೆ ಮನೆ ನಂಬರ್ ಹೇಳ್ತಾಳೇನವ್ವಾ? ಮಗಳ ಹೆಸರು ಹೇಳ್ತಾಳಾ? ನನ್ನ ಹೆಸರು? ಗಾಣದ ಓಣಿ ಅನ್ನೋದೊಂದು ಇನ್ನೂ ಬಾಯಾಗೆ ಐತೆ. ಅದನ್ನೂ ಇವ್ರು ಅಳಿಸಿಬಿಟ್ರೆ ಅವಳು ಮನೆಗೆ ಹೆಂಗೆ ಬರ್ಬೇಕು?"

ಅತ್ತೆಗೆ ಮರೆವು ಎಂದು ನಮಗೆಲ್ಲ ಗೊತ್ತಿತ್ತು. ಹಾಲು ಒಲೆಯ ಮೇಲಿಟ್ಟು ಮರೆಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಅತ್ತೆಯಾದರೋ ಹಾಲು ಉಕ್ಕಿದ ಮೇಲೆ, ಇದು ಯಾರ ಮನೆಯ ಒಲೆ ಎಂದು ಕೇಳತೊಡಗಿದ್ದರು. ಜೊತೆಗಿರುವ ಮಗಳನ್ನು ಬಾಡಿಗೆಗೆ ಇರುವವಳೆಂದು ತಿಳಿದು ಮರ್ಯಾದೆಯಿಂದ ಮಾತಾಡಿಸುತ್ತಿದ್ದರು. ಮಾವನ ಹುಚ್ಚಾಟಗಳಿಗೆ ನಕ್ಕು ನಕ್ಕು ರೂಢಿಯಾದ ನಮಗೆ, ಈ ಹುಚ್ಚಾಟದ ಒಳಗೆ ಏನಿದೆ ಎಂದು ಹೊಳೆದೇ ಇರಲಿಲ್ಲ.

ಸಮೃದ್ಧಿ ನಗರದ ಬೋರ್ಡು ಕೊನೆಗೂ ನಿಂತಿತು. ಮಾವ ಒಬ್ಬರ ಮಾತು ಯಾರು ಕೇಳುತ್ತಾರೆ? ಮಾವನ ಪುಣ್ಯಕ್ಕೆ ಆಟೋದವರ ತಲೆಯಲ್ಲಿ ಮಾತ್ರ ಹಳೆಯ ಹೆಸರು ಕೂತಿತ್ತು. ಸಂತೆಯ ದಿನ ಮಗಳ ಕೈ ಬಿಡಿಸಿಕೊಂಡು ಗುಂಪಿನಲ್ಲಿ ಕರಗಿಹೋದ ಅತ್ತೆಯನ್ನು ಒಬ್ಬ ಆಟೋದವನೇ ತಂದು ಮನೆ ಮುಂದೆ ಇಳಿಸಿದ. "ಗಾಣದ ಓಣಿ ಅಂದ್ರು ಅಜ್ಜಾರೇ. ನಿಮ್ಮ ಚಹಾ ಕುಡಿದು ಕ್ಲಾಸು ಕೇಳಿದೋನು ನಾನು, ಮರೀತೀನಾ?" ಎಂದು ನಕ್ಕ. ಮಾವ ಅವನ ಕೈ ಹಿಡಿದುಕೊಂಡರು, ಎಷ್ಟು ಹೊತ್ತಾದರೂ ಬಿಡಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಮಾವ ಗೆದ್ದರು ಎಂದು ಬರೆದು ಸುಮ್ಮನಾಗುತ್ತಿದ್ದೆ. ಬೇಸಿಗೆಯ ಹೊತ್ತಿಗೆ ಅತ್ತೆಯ ಬಾಯಿಂದ ಗಾಣದ ಓಣಿಯೂ ಜಾರಿತು. ಸಂಜೆಯಾದರೆ ಸೆರಗು ಹೊದ್ದು ಬಾಗಿಲಲ್ಲಿ ನಿಲ್ಲುವರು. "ಕತ್ತಲಾಗಾಕೆ ಬಂತು. ನಮ್ಮನೆಗೆ ಕಳಿಸ್ರಿ. ಸೇದೋಬಾವಿ ಓಣಿ."

"ನಿನ್ನ ಮನೆ ಇದೇ. ಇದು ಗಾಣದ ಓಣಿ," ಎಂದು ಮಾವ ತಿದ್ದುವರು. ಅತ್ತೆ ಅಳುವರು. ಜಗಳೂರಿನ ಆ ಮನೆ ಈಗಿಲ್ಲ, ಬಾವಿಯನ್ನೂ ಮುಚ್ಚಿ ಮೇಲೆ ಮಳಿಗೆ ಕಟ್ಟಿದ್ದಾರೆ. ತಪ್ಪು ಹೆಸರನ್ನು ಜನ್ಮದಲ್ಲಿ ಒಪ್ಪಿದವರಲ್ಲ ನಮ್ಮ ಮಾವ. ದಿನಾ ತಿದ್ದಿದರು, ಅತ್ತೆ ದಿನಾ ಅತ್ತರು.

ಒಂದು ಸಂಜೆ ನಾನು ಹೋದಾಗ ಅಟ್ಟದ ಮೇಲಿದ್ದ ಹಳೆಯ ಮಷಿನ್ನು ಕೆಳಗಿಳಿದಿತ್ತು. ಮಾವ ಒಂದು ಊಟದ ತಟ್ಟೆಯ ಮೇಲೆ ಏನೋ ಕೊರೆಯುತ್ತಿದ್ದರು. ಮುಗಿಸಿ, ಅಂಚಿನಲ್ಲೊಂದು ತೂತು ಹೊಡೆದು, ಅದನ್ನು ಬಾಗಿಲ ಪಕ್ಕದ ಮೊಳೆಗೆ ತಗುಲಿಸಿದರು. 'ಸೇದೋಬಾವಿ ಓಣಿ, ಜಗಳೂರು.' ಎದುರುಮನೆಯ ಅಡಿಕೆ ವ್ಯಾಪಾರಿ ತಮ್ಮ ಕಟ್ಟೆಯಿಂದಲೇ ಅದನ್ನು ಓದಿದರು. ನನ್ನನ್ನು ನೋಡಿದರು. ಒಳಗೆ ಹೋದರು.

ಮಾವ ಆಟೋ ಕರೆಸಿದರು. ಅದೇ ಆಟೋದವನು. ಅತ್ತೆಯನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು, "ಸೇದೋಬಾವಿ ಓಣಿಗೆ ನಡಿಯಪ್ಪಾ," ಎಂದರು.

"ಅದೆಲ್ಲೈತಜ್ಜಾ ನಮ್ಮೂರಾಗೆ?"

"ಐತೆ. ಕೋಟೆ ಕಡೆಯಿಂದ ಒಂದು ಸುತ್ತು ಹಾಕು, ನಾನು ತೋರಿಸ್ತೀನಿ."

ಅವನು ಕನ್ನಡಿಯಲ್ಲಿ ಒಮ್ಮೆ ಮಾವನ ಮುಖ ನೋಡಿ, ಆಟೋವನ್ನು ಕೋಟೆ ಕಡೆ ತಿರುಗಿಸಿದ. ಕೋಟೆಯ ಬುಡ, ಸಂತೆ ಮೈದಾನ, ಒಂಟಿಹುಣಸೆ ಎಲ್ಲ ದಾಟಿ, ಹೊರಟ ಬಾಗಿಲಿಗೇ ತಂದು ನಿಲ್ಲಿಸಿದ. ದಾರಿಯುದ್ದಕ್ಕೂ ಮಾವ ಒಂದು ಹೆಸರಿನ ಕತೆಯನ್ನೂ ಹೇಳಲಿಲ್ಲ. ಅತ್ತೆ ಇಳಿದು ತಟ್ಟೆಯ ಅಕ್ಷರಗಳನ್ನು ಬೆರಳಿಟ್ಟು ಓದಿದರು. ಮುಖ ಸಡಿಲವಾಯಿತು. ಪರ ಊರಿನಿಂದ ಬಂದ ನೆಂಟರನ್ನು ಮಾತಾಡಿಸುವ ಹಾಗೆ ಮಾವನ ಕಡೆ ತಿರುಗಿದರು.

"ಈ ಓಣಿಗೆ ಈ ಹೆಸರು ಯಾಕೆ ಬಂತು, ಗೊತ್ತೇನ್ರಿ ನಿಮಗೆ?"

ಇಡೀ ಊರಿಗೆ ಹೆಸರುಗಳ ಕತೆ ಹೇಳಿ ದಣಿಯದ ನಮ್ಮ ಮಾವ ಇಲ್ಲವೆಂದು ತಲೆ ಆಡಿಸಿದರು. "ಗೊತ್ತಿಲ್ಲ. ನೀನೇ ಹೇಳು."

ಅತ್ತೆ ಎರಡೂ ಅಂಗೈ ಚಾಚಿದರು.