ಬಿದಿರು ಶೆಡ್ಡಿನ ತಪಾಸಣೆ

ಕುಶಲಕರ್ಮಿಗಳಿಗೆ ನೆರವು ಮಂಜೂರು ಮಾಡುವುದು ಸುಲಭ. ಅದನ್ನು ನಿಗದಿತ ಸ್ಥಳದಲ್ಲಿ, ನಿಗದಿತ ರೀತಿಯಲ್ಲಿ ಸ್ವೀಕರಿಸುವಂತೆ ಮಾಡುವುದು ಸುಲಭವಲ್ಲ. ಶಾಲೆಯಿಂದ ನಿವೃತ್ತನಾಗಿ ಮಳವಳ್ಳಿಯ ಬಿದಿರು ಹೆಣೆಯುವವರ ಕ್ಲಸ್ಟರಿನ ಗೌರವ ಕಾರ್ಯದರ್ಶಿಯಾದಂದಿನಿಂದ ಇದಕ್ಕೆ ನನಗೆ ಪುರಾವೆ ದೊರೆಯುತ್ತಲೇ ಇದೆ.

ಇಲ್ಲಿನವರು ಹೆಣೆಯುವುದು ಚಂದ್ರಿಕೆ. ಅಂದರೆ ರೇಷ್ಮೆಹುಳು ಗೂಡು ಕಟ್ಟಲು ಬೇಕಾದ ಬಿದಿರಿನ ತಟ್ಟಿ. ಸರ್ಕಾರ ಊರಾಚೆ ಶೆಡ್ಡು ಕಟ್ಟಿಸಿ, ಬಿದಿರು ಸೀಳುವ ಯಂತ್ರವನ್ನೂ ಕೊಟ್ಟಿತು. ಯಂತ್ರ ಬಂದ ಮೇಲೆ ಹೆಂಗಸರ ಅಂಗೈಯ ಗಾಯಗಳು ಮಾಯತೊಡಗಿದವು. ಷರತ್ತು ಒಂದೇ: ಕೆಲಸ ಶೆಡ್ಡಿನಲ್ಲಿಯೇ ನಡೆಯಬೇಕು. ಇಲ್ಲವಾದರೆ ಯಂತ್ರ ಬೇರೆ ಜಿಲ್ಲೆಗೆ ಹೋಗುತ್ತದೆ.

ನೆರಳು

ಮೊದಲ ವಾರ ನಾನು ಮುನ್ಸೂಚನೆ ನೀಡದೆ ಹೋದೆ. ಎಲ್ಲರೂ ಶೆಡ್ಡಿನ ಹೊರಗೆ, ರಸ್ತೆಯಂಚಿನ ಬಿಸಿಲಿನಲ್ಲಿ ಕುಳಿತು ಹೆಣೆಯುತ್ತಿದ್ದರು.

"ಒಳಗೆ ಯಾರಿದ್ದಾರೆ?" ಎಂದೆ.

"ಬಿದಿರು ಅದೆ ಮೇಷ್ಟ್ರೇ," ಎಂದರು ಎಲ್ಲರಿಗೂ ಹಿರಿಯರಾದ ಅಜ್ಜಿ. "ಬಿಸ್ಲಲ್ಲಿ ಒಣಗೋಯ್ತದೆ ಅಂತ ನೆಳ್ಳಲ್ಲಿ ಮಡಗಿವಿ."

"ನೀವೂ ಒಳಗೆ ಕುಳಿತುಕೊಳ್ಳಬಹುದಲ್ಲ?"

"ಒಳಗ್ ಕುಂತ್ರೆ ದಾರೀಲಿ ಓಗೋರ್ನ ಯಾರು ಮಾತಾಡ್ಸೋರು?"

ನಾನು ಶಿಸ್ತಿನ ಬಗ್ಗೆ ಸವಿಸ್ತಾರವಾಗಿ ಹೇಳಿದೆ. ಅವರು ಗೌರವದಿಂದ ಕೇಳಿದರು. ಮರುದಿನ ಹೋದಾಗ ಶೆಡ್ಡಿನೊಳಗೆ, ಬಿದಿರಿನ ಪಕ್ಕದಲ್ಲಿ, ನನಗಾಗಿ ಒಂದು ಕುರ್ಚಿ ಹಾಕಿದ್ದರು.

ದೀಪದ ಬುಟ್ಟಿ

ಹೊಸ ವಿನ್ಯಾಸ ಕಲಿಸಲು ತರಬೇತುದಾರ್ತಿಯೊಬ್ಬರು ಬಂದರು. ದೀಪಕ್ಕೆ ಮುಚ್ಚುವ, ನೆತ್ತಿಯಲ್ಲಿ ತೂತಿರುವ ಬುಟ್ಟಿಯನ್ನು ಹೇಳಿಕೊಟ್ಟರು. ಮದ್ದೂರಿನ ಮಾರಾಟ ಮೇಳದಲ್ಲಿ ಮಧ್ಯಾಹ್ನದೊಳಗೆ ಅಷ್ಟೂ ಖರ್ಚಾದವು. ಹನಕೆರೆಯ ರೈತರೊಬ್ಬರು ಎರಡೆರಡು ಕೊಂಡುದನ್ನು ಕಂಡು, ಯಾವ ಕೋಣೆಗೆ ಎಂದು ವಿಚಾರಿಸಿದೆ.

"ಕೋಣೆಗ್ಯಾಕೆ ಮೇಷ್ಟ್ರೇ, ಕೋಳಿ ಮುಚ್ಚಕೆ. ಮ್ಯಾಲೆ ತೂತು ಬುಟ್ಟವ್ರೆ ನೋಡಿ, ಕಾಳು ಅಲ್ಲಿಂದ್ಲೇ ಉದುರುಸ್ಬೋದು. ಈ ಬುದ್ಧಿ ಸರ್ಕಾರಕ್ಕೆ ಈಗ ಬಂತು."

ಗ್ರಾಮಾಂತರದಲ್ಲಿ ಗೃಹಾಲಂಕಾರದ ಅಭಿರುಚಿ ಬೆಳೆಯುತ್ತಿದೆಯೆಂದು ತರಬೇತುದಾರ್ತಿ ಮೇಲಿನವರಿಗೆ ತಿಳಿಸಿದರು. ಸರಕು ಖರ್ಚಾಗಿದ್ದುದರಿಂದ ನಾನು ತಿದ್ದಲು ಹೋಗಲಿಲ್ಲ.

ತಪಾಸಣೆ

ಕಡೆಗೆ ಮಂಡ್ಯದಿಂದ ತಪಾಸಣಾಧಿಕಾರಿ ಬರುವ ದಿನ ಬಂತು. ಯಂತ್ರದ ಹಣೆಬರಹ ಅಂದೇ ತೀರ್ಮಾನವಾಗಬೇಕು. ಎಲ್ಲರೂ ಒಳಗೇ ಕೂರುತ್ತೇವೆಂದು ನನಗೆ ಮಾತು ಕೊಟ್ಟಿದ್ದರು. ಅಧಿಕಾರಿಗಳೊಂದಿಗೆ ಹೋದರೆ ಶೆಡ್ಡಿನಲ್ಲಿ ಜನರಿಲ್ಲ, ಚಂದ್ರಿಕೆಗಳೂ ಇಲ್ಲ.

ಶಿವನಸಮುದ್ರದ ದಾರಿಯ ಹಳ್ಳಿಯೊಂದರಲ್ಲಿ ರೈತರೊಬ್ಬರ ಹುಳುಗಳು ಬೆಳಿಗ್ಗೆ ಒಮ್ಮೆಲೇ ಹಣ್ಣಾಗಿ, ಗೂಡು ಕಟ್ಟಲು ಸಿದ್ಧವಾಗಿದ್ದವು. ಹಣ್ಣಾದ ಹುಳುವನ್ನು ತಡಮಾಡದೆ ಆಯ್ದು ಚಂದ್ರಿಕೆಗೆ ಬಿಡದಿದ್ದರೆ ಬೆಳೆ ಹೋದಂತೆ. ಅಂಥ ಹೊತ್ತಿನಲ್ಲಿ ಚಂದ್ರಿಕೆಯೊಂದಿಗೆ ಹೆಣೆದವರೂ ಹೋಗಿ ಕೈಜೋಡಿಸುವುದು ಇಲ್ಲಿನ ವಾಡಿಕೆ. ರೈತರು ಟ್ರ್ಯಾಕ್ಟರ್ ತಂದು ಎಲ್ಲವನ್ನೂ, ಎಲ್ಲರನ್ನೂ ಹೇರಿಕೊಂಡು ಹೋಗಿದ್ದರು.

ಅಧಿಕಾರಿಗಳನ್ನು ಅಲ್ಲಿಗೇ ಕರೆದೊಯ್ದೆ. ಹುಳುಮನೆಯ ಬಾಗಿಲಲ್ಲಿ ಅಜ್ಜಿ ಅವರ ಕೈಗೆ ತಟ್ಟೆಯೊಂದನ್ನಿತ್ತರು.

"ನಾನು ತಪಾಸಣೆಗೆ ಬಂದವನು," ಎಂದರು ಅಧಿಕಾರಿಗಳು.

"ಇರ್ಲಿ ಬುಡಿ ಸ್ವಾಮಿ, ಹುಳ ಅದ್ನೆಲ್ಲ ಕೇಳಕಿಲ್ಲ. ಮೈ ಹೊಳಿಯೋವು ಹಣ್ಣು, ಅವ್ನ ಮಾತ್ರ ಆಯ್ರಿ."

ಅಧಿಕಾರಿಗಳು ಬೂಟು ಕಳಚಿ ಕುಳಿತರು. ಅವರ ಚಾಲಕನಿಗೂ ತಟ್ಟೆ ಬಂತು. ನನಗೂ ಬಂತು. ಸ್ವಲ್ಪ ಹೊತ್ತಿಗೆ ಮೇಲಧಿಕಾರಿಗಳು ಫೋನು ಮಾಡಿದರು. ಕೈಯಲ್ಲಿ ಹುಳುವಿದ್ದುದರಿಂದ ಇವರು ಸ್ಪೀಕರ್ ಒತ್ತಿ ನೆಲದ ಮೇಲಿಟ್ಟರು.

"ಕೆಲಸ ನಡೀತಿದ್ಯೇನ್ರೀ?"

"ಭರದಿಂದ ನಡೀತಿದೆ ಸರ್."

"ಒಳಗೋ, ಹೊರಗೋ?"

ಅಧಿಕಾರಿಗಳು ಹುಳುಮನೆಯ ಸೂರನ್ನೊಮ್ಮೆ ನೋಡಿದರು. "ಒಳಗೇ ಸರ್. ನನ್ನನ್ನೂ ಹೊರಕ್ಕೆ ಬಿಡ್ತಿಲ್ಲ."

ಯಂತ್ರ ಮಳವಳ್ಳಿಯಲ್ಲೇ ಉಳಿಯಿತು. ಜೀಪು ಹೊರಟ ಮೇಲೆ, ಅಧಿಕಾರಿಗಳಿಗೆ ತೃಪ್ತಿಯಾದಂತೆ ಕಾಣುತ್ತದೆ ಎಂದು ನಾನು ಅಜ್ಜಿಗೆ ಹೇಳಿದೆ. ಅವರು ಅಧಿಕಾರಿಗಳ ತಟ್ಟೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದರು.

"ಪರ್ವಾಗಿಲ್ಲ ಮೇಷ್ಟ್ರೇ. ಕಾಯಿಹುಳ ಒಂದೆಲ್ಡು ಸೇರ್ಸವ್ರೆ. ಮುಂದಿನ ಬೆಳೆಗೂ ಕರ್ಸಿ, ತಿದ್ಕತಾರೆ."