ಬಾಬಣ್ಣನ ದೋಣಿಗೆ ನಾನು ಪೈಪು ಬಗ್ಗಿಸಿದ್ದು

ಪೈಪಿನ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ಬಂಟ್ವಾಳ ತಾಲೂಕಿನಲ್ಲೇ ಇಲ್ಲ ಎಂದು ನಮ್ಮ ದೋಣಿ ಕಡವಿನ ಜನ ನಂಬಿದ್ದರು. ನಂಬಿಸಿದವನು ನಾನೇ. ಹನ್ನೊಂದು ವರ್ಷ ಗಲ್ಫಿನಲ್ಲಿ ಒಂದು ಪೈಪ್ ಕಂಪೆನಿಯಲ್ಲಿದ್ದೆ ಎನ್ನುವುದೇನೋ ನಿಜ. ಅಲ್ಲಿ ನನ್ನ ಕೆಲಸ ಗೋದಾಮಿಗೆ ಬಂದ ಪೈಪುಗಳಿಗೆ ಚೀಟಿ ಅಂಟಿಸುವುದು. ಅದೊಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಊರಿಗೆ ಬಂದೆ. ಕಂಪೆನಿ ಮುಚ್ಚಿತ್ತು, ವೀಸಾ ರದ್ದಾಗಿತ್ತು. ಮನೆಯಲ್ಲಿ ‘ಎರಡು ತಿಂಗಳ ರಜೆ’ ಎಂದಿದ್ದೆ. ಎರಡು ತಿಂಗಳು ಮುಗಿದ ಮೇಲೆ ‘ರಜೆ ಸ್ವಲ್ಪ ಉದ್ದ ಮಾಡಿದ್ದಾರೆ’ ಎಂದೆ. ಬೆಳಗ್ಗೆ ತಿಂಡಿ ತಿಂದು, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ನೇತ್ರಾವತಿಯ ದಡಕ್ಕೆ ಹೋಗಿ ಕೂರುತ್ತಿದ್ದೆ. ನೀರು ದಿನದಿನಕ್ಕೆ ಇಳಿಯುತ್ತಿತ್ತು. ನಾನೂ.

ಆ ಕಡವಿನಲ್ಲಿ ದೋಣಿ ನಡೆಸುತ್ತಿದ್ದವನು ಬಾಬಣ್ಣ. ಅರುವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಬಿಸಿಲಿಗೆ ಹೆದರಿ ಮಧ್ಯಾಹ್ನದ ಹೊತ್ತು ಯಾರೂ ಅವನ ದೋಣಿ ಹತ್ತುತ್ತಿರಲಿಲ್ಲ. ಕೈಮಗು ಇದ್ದ ಹೆಂಗಸರು ಬಸ್ಸಿನಲ್ಲಿ ಸುತ್ತು ಬಳಸಿ ಹೋಗುತ್ತಿದ್ದರು. ಒಂದು ದಿನ ಅವನು ನನ್ನ ಪಕ್ಕ ಬಂದು ಕೂತ.

“ಹಮೀದ್, ದೋಣಿಗೆ ನೆರಳಿನ ಮಾಡು ಒಂದು ಹಾಕಬೇಕು ಅಂತ ಉಂಟು. ಮೂರು ಪೈಪು ಕಮಾನಿನ ಹಾಗೆ ಬಗ್ಗಿಸಿ, ಮೇಲೆ ಟರ್ಪಾಲು ಕಟ್ಟಿದರೆ ಆಯ್ತು. ಕಲ್ಲಡ್ಕದ ವೆಲ್ಡಿಂಗ್ ಶಾಪಿನಲ್ಲಿ ಕೇಳುವ ಅಂತಿದ್ದೆ.”

“ಕಲ್ಲಡ್ಕ ಯಾಕೆ ಬಾಬಣ್ಣ? ನಾನು ಸತ್ತಿದ್ದೇನಾ?”

ಈ ಮಾತು ನನ್ನ ಬಾಯಿಯಿಂದಲೇ ಬಂತು. ಹನ್ನೊಂದು ವರ್ಷ ಪೈಪುಗಳನ್ನು ನೋಡಿದವನಿಗೆ ಮೂರು ಪೈಪು ಬಗ್ಗಿಸುವುದು ದೊಡ್ಡದೇ!

ಗುಜರಿ ಅಂಗಡಿಯಿಂದ ಒಂದಿಂಚಿನ ನಾಲ್ಕು ಜಿ.ಐ. ಪೈಪುಗಳನ್ನು ತಂದು ನಮ್ಮ ಅಂಗಳದಲ್ಲಿ ಹಾಕಿದೆವು. ನಾನು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡೆ. ಮೊದಲನೆಯ ಪೈಪನ್ನು ಹಲಸಿನ ಮರದ ಕವಲಿಗೆ ತೂರಿಸಿ, ತುದಿಗೆ ಹಗ್ಗ ಕಟ್ಟಿ, ನಾನೂ ಬಾಬಣ್ಣನೂ ಎಳೆದೆವು. ಪೈಪು ಅಲುಗಲಿಲ್ಲ. ಮತ್ತೆ ಎಳೆದೆವು. ಆಮೇಲೆ ಒಮ್ಮೆಲೇ ಬಗ್ಗಿತು! ಕಮಾನಿನ ಹಾಗಲ್ಲ, ಮಡಚಿದ ಮೊಣಕೈಯ ಹಾಗೆ. ಮಡಚಿದಲ್ಲಿ ಚಪ್ಪಟೆಯಾಗಿ ಬಾಯಿ ಬಿಟ್ಟಿತ್ತು.

“ಇದು ಹೀಗೆಯೇ ಆಗುವುದಾ?” ಎಂದು ಬಾಬಣ್ಣ ಕೇಳಿದ.

“ಮೊದಲನೆಯದು ಹೀಗೆಯೇ. ಸ್ಯಾಂಪಲ್,” ಎಂದೆ.

ಪೈಪಿನೊಳಗೆ ಮರಳು ತುಂಬಿ ಕಾಯಿಸಿ ಬಗ್ಗಿಸಿದರೆ ಅದು ಚಪ್ಪಟೆಯಾಗುವುದಿಲ್ಲ ಎಂದು ಕಂಪೆನಿಯಲ್ಲಿ ಯಾರೋ ಹೇಳಿದ್ದು ಆಗ ನೆನಪಾಯಿತು. ಹೊಳೆಯ ದಡದವರಿಗೆ ಮರಳಿಗೇನು ಬರ? ನೀರಿನ ಅಂಚಿನಿಂದಲೇ ಎರಡು ಬಾಲ್ದಿ ತಂದು, ಎರಡನೆಯ ಪೈಪಿಗೆ ಗಟ್ಟಿಯಾಗಿ ತುಂಬಿದೆ. ಎರಡೂ ತುದಿಗೆ ಮರದ ಬೆಣೆ ಹೊಡೆದೆ. ಅಡಿಯಲ್ಲಿ ತೆಂಗಿನ ಗೆರಟೆಯ ಬೆಂಕಿ ಹಾಕಿದೆ. ಮರಳು ಒಣಗಿರಬೇಕು ಎನ್ನುವುದನ್ನು ಆ ಯಾರೋ ಹೇಳಿರಲಿಲ್ಲ. ಅಥವಾ ಹೇಳುವಾಗ ನಾನು ಚೀಟಿ ಅಂಟಿಸುತ್ತಿದ್ದೆ.

ಐದೇ ನಿಮಿಷ. ಢಂ!

ಒಳಗಿನ ನೀರು ಆವಿಯಾಗಿ ಬೆಣೆಯನ್ನು ದೂಡಿತ್ತು. ಅದು ಬಾಬಣ್ಣನ ತಲೆಯ ಮೇಲಿನಿಂದ ಹಾರಿ, ನಮ್ಮ ಬಚ್ಚಲಿನ ಹೆಂಚು ಒಡೆದು ಒಳಗೆ ಬಿತ್ತು. ಬಾಬಣ್ಣ ನೆಲಕ್ಕೆ ಅಂಟಿಕೊಂಡು ಮಲಗಿದ್ದ. ನನ್ನ ಹೆಂಡತಿ ಝೊಹರಾ ಹೊರಗೆ ಓಡಿ ಬಂದಳು.

“ಯಾ ಅಲ್ಲಾ! ಎಂತದು ಇದು? ಗರ್ನಾಲು ಪಟಾಕಿಯಾ?”

“ಪ್ರೆಶರ್ ಟೆಸ್ಟಿಂಗ್,” ಎಂದೆ.

ಅವಳು ನನ್ನನ್ನು ಒಮ್ಮೆ, ಬಚ್ಚಲನ್ನು ಒಮ್ಮೆ ನೋಡಿ ಒಳಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಮರಳನ್ನು ಬಾಣಲೆಯಲ್ಲಿ ಹುರಿದೆವು. ಈ ಸಲ ಪೈಪುಗಳು ಬಗ್ಗಿದವು. ಆದರೆ ಕಾದ ಪೈಪಿನ ಮೇಲಿನ ಲೇಪ ಸುಟ್ಟು ಬೆಳ್ಳಗೆ ಹೊಗೆ ಎದ್ದಿತ್ತು. ನಾನು ಬಗ್ಗಿ ಬಗ್ಗಿ ನೋಡುತ್ತಾ ಅದನ್ನೆಲ್ಲ ಕುಡಿದಿದ್ದೆ. ಸಂಜೆಗೆ ಚಳಿ ಹಿಡಿಯಿತು. ಮೇ ತಿಂಗಳಲ್ಲಿ ಎರಡು ಕಂಬಳಿ ಹೊದ್ದು ಗಡಗಡ ನಡುಗಿದೆ. “ಸತುವಿನ ಹೊಗೆ. ಇಷ್ಟು ವರ್ಷ ಪೈಪಿನ ಕೆಲಸ ಮಾಡಿದವರಿಗೆ ಇದು ಗೊತ್ತಿಲ್ಲವಾ?” ಎಂದು ಡಾಕ್ಟರು ಕೇಳಿದರು. ನಡುಗುವವನು ಉತ್ತರ ಕೊಡಬೇಕಾಗಿಲ್ಲ. ಅದೊಂದು ಅನುಕೂಲವಾಯಿತು.

ಕೊನೆಗೆ ಮೂರು ಕಮಾನುಗಳೂ ತಯಾರಾದವು. ಒಂದು ಎತ್ತರ, ಒಂದು ತಗ್ಗು, ಇನ್ನೊಂದು ಎಡಕ್ಕೆ ವಾಲಿಕೊಂಡಿತ್ತು. ಅವುಗಳ ಕಾಲುಗಳು ದೋಣಿಯ ಅಗಲಕ್ಕೆ ಕೂರಲಿಲ್ಲ. ಬಲವಂತವಾಗಿ ಅಗಲಿಸಿ, ದೋಣಿಯ ಪಕ್ಕದ ಹಲಗೆಗೆ ತೂತು ಕೊರೆದು, ಬೋಲ್ಟು ಹಾಕಿ ಬಿಗಿದೆ. ಬಾಬಣ್ಣ ಮೆಲ್ಲಗೆ ಹೇಳಿದ, “ಹಲಗೆಗೆ ತೂತು ಬೇಕಾ ಮಾರಾಯ? ಅದು ನನ್ನ ಅಪ್ಪ ಇರುವಾಗ ಮಾಡಿಸಿದ ದೋಣಿ.”

“ಇಂಟರ್‌ನ್ಯಾಷನಲ್ ಪದ್ಧತಿಯೇ ಹಾಗೆ ಬಾಬಣ್ಣ.”

ಟರ್ಪಾಲು ಕಟ್ಟಿ, ನಾವಿಬ್ಬರೇ ದೋಣಿಯನ್ನು ನೀರಿಗೆ ಇಳಿಸಿದೆವು. ತಗ್ಗಿನ ಕಮಾನಿನ ಕೆಳಗೆ ಬಾಬಣ್ಣನಿಗೆ ನೇರ ನಿಲ್ಲಲು ಆಗಲಿಲ್ಲ. ಗಳ ಊರಲು ಹೋಗಿ ಎರಡು ಸಲ ಹಣೆ ಬಡಿಸಿಕೊಂಡ. ನಡು ಹೊಳೆಯಲ್ಲಿ ಗಾಳಿ ಬೀಸಿತು. ಟರ್ಪಾಲು ಉಬ್ಬಿ, ಪೈಪುಗಳು ವಾಲಿ, ಬೋಲ್ಟುಗಳು ಹಲಗೆಯನ್ನು ಜಗ್ಗಿದವು. ಚಟ್ ಎಂಬ ಸಣ್ಣ ಸದ್ದು. ಹಲಗೆ ಉದ್ದಕ್ಕೆ ಸೀಳಿತ್ತು. ನೀರು ಒಳಗೆ ಬರತೊಡಗಿತು.

ಹೇಗೋ ಮರಳಿನ ದಿಬ್ಬಕ್ಕೆ ತಲುಪಿದೆವು. ದೋಣಿ ಅರ್ಧ ಮುಳುಗಿ ಪಕ್ಕಕ್ಕೆ ಒರಗಿತು. ಬಾಬಣ್ಣ ಸೊಂಟದ ತನಕ ನೀರಿನಲ್ಲಿ ನಿಂತು, ಸೀಳಿದ ಹಲಗೆಯನ್ನು ಅಂಗೈಯಿಂದ ಸವರಿದ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ, “ಪೈಪು ಒಳ್ಳೆದುಂಟು ಮಾರಾಯ. ಗಟ್ಟಿ ಉಂಟು.”

ಅಷ್ಟು ಒಳ್ಳೆಯ ಮಾತಿನಿಂದ ಅಷ್ಟು ನೋವು ನನಗೆ ಎಂದೂ ಆಗಿಲ್ಲ.

ಆ ದಿನ ಊಟದ ಹೊತ್ತಿಗೆ ಝೊಹರಾಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಪೈಪು ಬಗ್ಗಿಸಲು ನನಗೆ ಬರುವುದಿಲ್ಲ, ನಾನು ಚೀಟಿ ಅಂಟಿಸುವವನು, ವೀಸಾ ಇಲ್ಲ, ಇದು ರಜೆಯೇ ಅಲ್ಲ.

ಅವಳು ನನ್ನ ಬಟ್ಟಲಿಗೆ ಮೀನಿನ ಸಾರು ಬಡಿಸಿದಳು.

“ಗೊತ್ತುಂಟು.”

“ಯಾವಾಗ ಗೊತ್ತಾಯ್ತು?”

“ನೀವು ಬಂದ ದಿನವೇ. ರಜೆಗೆ ಬರುವವರು ಅಲ್ಲಿಂದ ತಲೆದಿಂಬು ಹೊತ್ತುಕೊಂಡು ಬರುವುದಿಲ್ಲ. ಮತ್ತೆ, ಪೈಪು ಬಗ್ಗಿಸುವವರ ಕೈ ಇಷ್ಟು ನುಣುಪು ಇರ್ತದಾ?” ಎಂದಳು. “ನೀವಾಗಿ ಹೇಳಲಿ ಅಂತ ಕಾದೆ. ಬಚ್ಚಲು ಒಡೆಯುವ ಮೊದಲು ಹೇಳಬಹುದಿತ್ತು.”

ಬೆಳಗ್ಗೆ ಎದ್ದು ಕಮಾನುಗಳನ್ನು ಟೆಂಪೋದಲ್ಲಿ ಹಾಕಿಕೊಂಡು ನಾನೇ ಕಲ್ಲಡ್ಕಕ್ಕೆ ಹೋದೆ. ವೆಲ್ಡಿಂಗ್ ಶಾಪಿನ ವಿನ್ಸೆಂಟ್ ಅವುಗಳನ್ನು ಸುತ್ತ ಹಾಕಿ ನೋಡಿದ.

“ಎಂತ ಮಾರಾಯ್ರೇ ಇದು? ಜೀಪು ಗುದ್ದಿದ್ದಾ?”

“ಅಲ್ಲ. ನಾನು.”

ಅವನು ಹೊಸ ಪೈಪುಗಳನ್ನು ಬಗ್ಗಿಸುವ ಮೆಷಿನಿಗೆ ಕೊಟ್ಟು, ಹಿಡಿಕೆ ಒತ್ತುತ್ತಾ ಸ್ವಲ್ಪ ಸ್ವಲ್ಪವೇ ಸರಿಸಿದ. ಬೆಂಕಿಯಿಲ್ಲ, ಮರಳಿಲ್ಲ. ನನ್ನ ಚಾ ಆರುವ ಮೊದಲು ಮೂರೂ ಕಮಾನು ಒಂದೇ ಅಚ್ಚಿನಲ್ಲಿ ನಿಂತಿದ್ದವು. ದೋಣಿಯ ಸೀಳಿದ ಹಲಗೆ ಬದಲಿಸಲು ಮರದ ಆಚಾರಿಗೆ ಎಂಟು ದಿನ ಹಿಡಿಯಿತು. ಆ ಎಂಟೂ ದಿನ ಬಾಬಣ್ಣ ಖಾಲಿ ಕಡವಿನಲ್ಲಿ ಕೂತಿದ್ದ. ನಾನೂ ಪಕ್ಕದಲ್ಲಿ ಕೂತಿದ್ದೆ. ಇಸ್ತ್ರಿ ಅಂಗಿ ಹಾಕಲು ಮನಸ್ಸಾಗಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ದೋಣಿ ತುಂಬಿತು. ನೆರಳಿನಲ್ಲಿ ಕೂತ ಜನ ಮೇಲೆ ನೋಡಿ ಮೆಚ್ಚಿಕೊಂಡರು. ಬಾಬಣ್ಣ ಗಳ ಊರುತ್ತಾ, ನನ್ನ ಮಾನ ಉಳಿಸಲೆಂದೇ ಇರಬೇಕು, ಗಟ್ಟಿಯಾಗಿ ಹೇಳಿದ, “ನಮ್ಮ ಹಮೀದ್ ಮಾಡಿದ್ದು.”

“ನಾನಲ್ಲ!” ಎಂದು ನಾನು ಎದ್ದು ನಿಂತೆ. “ಇದು ಕಲ್ಲಡ್ಕದ ವಿನ್ಸೆಂಟ್ ಮಾಡಿದ್ದು. ನನಗೆ ಪೈಪಿನ ಕೆಲಸ ಬರುವುದಿಲ್ಲ.”

ಜೀವನದಲ್ಲಿ ಮೊದಲ ಸಲ ಹತ್ತು ಜನರ ಮುಂದೆ ಸತ್ಯ ಹೇಳಿದ್ದೆ. ಬೀಡಿ ಕಟ್ಟುವ ಮೊರ ಹಿಡಿದು ಎದುರಿಗೆ ಕೂತಿದ್ದ ಹೆಂಗಸು ಪಕ್ಕದವಳಿಗೆ ಹೇಳಿದಳು, “ನೋಡು, ಕೆಲಸ ಗೊತ್ತಿದ್ದವರಿಗೆ ಅಹಂಕಾರವೇ ಇರುವುದಿಲ್ಲ.”

ಆಚೆ ದಡದಲ್ಲಿ ಇಳಿದೊಡನೆ ಅವಳು ನನ್ನನ್ನು ತಡೆದಳು. “ಅಣ್ಣ, ನಮ್ಮ ಬಾವಿಯ ಪಂಪಿನಲ್ಲಿ ನೀರು ಕಡಿಮೆ ಬರ್ತದೆ. ಪೈಪು ಒಮ್ಮೆ ನೋಡ್ತೀರಾ?” ನಾನು ಕೈ ಮುಗಿದೆ, ಬರುವುದಿಲ್ಲ ಎಂದೆ, ಆಣೆ ಹಾಕಿದೆ. ಅವಳು ನಗುತ್ತಲೇ ಇದ್ದಳು. ತಿರುಗಿ ನೋಡಿದರೆ ದೋಣಿ ಆಗಲೇ ನಡು ಹೊಳೆ ದಾಟಿತ್ತು.

ಹೋದೆ. ಪಂಪು ಬಿಚ್ಚಿದೆ. ಅದಕ್ಕೆ ಮೊದಲು ಅವರ ಮನೆಯಲ್ಲಿ ಸ್ವಲ್ಪವಾದರೂ ನೀರು ಬರುತ್ತಿತ್ತಂತೆ.